ಸಿ ಪ್ರೋಗ್ರಾಮ್‌ನಲ್ಲಿ ಐಪಿ ವಿಳಾಸದ ಪಠ್ಯವನ್ನು ಸಂಖ್ಯೆ ಮಾಡಲು ಯಾವುದು ಜಾಸ್ತಿ ಫಾಸ್ಟ್: ಐನೆಟ್ ಆಡ್ರ್ ಫಂಕ್ಷನ್ನಾ, ನಾನೇ ಬರೆದ ಕೋಡಾ?

"ಫೈಲ್‌ನಲ್ಲಿ ವಿಳಾಸಗಳ ಪಟ್ಟಿ ಇದೆ, ಒಂದೊಂದೇ ಓದಿ ಸಂಖ್ಯೆ ಮಾಡಿ ಪ್ಯಾಕೆಟ್ ಕಳಿಸಬೇಕು" ಎಂದು ಬರೆದಿದ್ದೀರಿ. 2011ರಲ್ಲಿ ನಾನು ಬರೆದ ಪ್ರೋಗ್ರಾಮ್ ಮಾಡುತ್ತಿದ್ದದ್ದೂ ಅಷ್ಟೇ. ಅದು ನನ್ನ ಮೊದಲ ಕೆಲಸ. ಆರೇ ಜನರಿದ್ದ ಕಂಪನಿ. ಪೀಣ್ಯದ ಒಂದು ಗಾರ್ಮೆಂಟ್ಸ್ ಫ್ಯಾಕ್ಟರಿಗೆ ಪೀಸ್ ಎಣಿಸುವ ಬಾಕ್ಸ್ ಮಾಡಿಕೊಟ್ಟಿದ್ದೆವು. ಹೊಲಿಗೆ ಮಷಿನ್ ಪಕ್ಕದಲ್ಲಿ ಅಂಗೈಯಗಲದ ಒಂದು ಡಬ್ಬಿ, ಅದಕ್ಕೊಂದು ಬಟನ್. ಪೀಸ್ ಮುಗಿದಾಗ ಟೈಲರ್ ಬಟನ್ ಒತ್ತುತ್ತಾರೆ, ಎಣಿಕೆ ಒಂದು ಏರುತ್ತದೆ. ಒಟ್ಟು 60 ಬಾಕ್ಸ್. ಸಂಜೆ ಐದೂವರೆಗೆ ಆಫೀಸಿನ ಕಂಪ್ಯೂಟರ್‌ನಲ್ಲಿ ನನ್ನ ಪ್ರೋಗ್ರಾಮ್ ಓಡುತ್ತದೆ. ಪ್ರತಿ ಬಾಕ್ಸ್‌ಗೂ ಯುಡಿಪಿಯಲ್ಲಿ (ನೆಟ್‌ವರ್ಕ್ ಮೇಲೆ ಚಿಕ್ಕ ಸಂದೇಶ ಕಳಿಸುವ ಒಂದು ವಿಧಾನ) "ಎಣಿಕೆ ಕೊಡು" ಎಂದು ಕೇಳುತ್ತದೆ, ಬಂದದ್ದನ್ನು ಬರೆದುಕೊಳ್ಳುತ್ತದೆ, ಆಮೇಲೆ "ಸೊನ್ನೆಗೆ ಬಾ" ಎಂದು ಹೇಳುತ್ತದೆ. ನಂತರ ಮುಂದಿನ ಬಾಕ್ಸ್.

ನನ್ನ ಟೇಬಲ್ ಮೇಲೆ ಐದು ಬಾಕ್ಸ್ ಇಟ್ಟು ವಾರವಿಡೀ ಟೆಸ್ಟ್ ಮಾಡಿದ್ದೆ. ಒಂದು ತಪ್ಪೂ ಬರಲಿಲ್ಲ.

ಫ್ಯಾಕ್ಟರಿಯಲ್ಲಿ ಮೊದಲ ಸಂಜೆ ಪ್ರೋಗ್ರಾಮ್ ಓಡಿತು. ಫೈಲ್ ತೆರೆದು ನೋಡಿದರೆ ಮೊದಲ ಏಳು ಸಾಲು ಸರಿ ಇವೆ. ಎಂಟನೇ ಸಾಲಿನಲ್ಲಿ ಬೇರೆ ಯಾವುದೋ ಬಾಕ್ಸ್‌ನ ಎಣಿಕೆ. ಒಂಬತ್ತರಿಂದ ಅರವತ್ತರವರೆಗೆ ಬರೀ ಸೊನ್ನೆ. ಶಾಪ್ ಫ್ಲೋರ್‌ಗೆ ಓಡಿಹೋಗಿ ಬಾಕ್ಸ್‌ಗಳನ್ನೇ ನೋಡಿದೆ. ಅಲ್ಲೂ ಎಲ್ಲ ಸೊನ್ನೆ. ಆ ಏಳು ಸಾಲು ಬಿಟ್ಟರೆ ಇಡೀ ದಿನದ ಎಣಿಕೆ ಎಲ್ಲೂ ಉಳಿದಿರಲಿಲ್ಲ.

ಆ ಎಣಿಕೆಯ ಮೇಲೆ ಅವರ ಇನ್ಸೆಂಟಿವ್ ನಿಂತಿತ್ತು. ಟಾರ್ಗೆಟ್ ದಾಟಿದ ಪೀಸ್‌ಗೆ ಸಂಬಳದ ಮೇಲೆ ಸ್ವಲ್ಪ ಹಣ. ಬೆಳಗ್ಗೆಯಿಂದ ಕೂತು ಹೊಲಿದವರು ಆ ಹೆಂಗಸರು. ಮನೆಗೆ ಹೊರಟು ನಿಂತಿದ್ದ ಒಬ್ಬರು ಬಾಕ್ಸ್ ನೋಡಿ, "ಸಾರ್, ನಂದು ಹೋಯ್ತಾ?" ಎಂದು ಕೇಳಿದರು. ನನ್ನ ಬಳಿ ಉತ್ತರ ಇರಲಿಲ್ಲ. ಪುಣ್ಯಕ್ಕೆ ಲೈನ್ ಸೂಪರ್‌ವೈಸರ್‌ಗಳು ಗಂಟೆಗೊಮ್ಮೆ ಬೋರ್ಡಿನ ಮೇಲೆ ಕೈಯಿಂದ ಬರೆಯುವುದನ್ನು ನಿಲ್ಲಿಸಿರಲಿಲ್ಲ. ಅದನ್ನು ನೋಡಿ ಐದು ಗಂಟೆಯವರೆಗಿನ ಲೆಕ್ಕ ಕೂಡಿಸಿಕೊಂಡೆವು. ಕೊನೆಯ ಅರ್ಧ ಗಂಟೆಗೆ ಎಲ್ಲರಿಗೂ ಟಾರ್ಗೆಟ್ ಮುಟ್ಟಿದ ಹಾಗೆ ಹಾಕಿ ಎಂದು ನಾನೇ ಕೇಳಿಕೊಂಡೆ. ಹಾಕಿದರು.

ಎರಡು ದಿನ ನಾನು ನೆಟ್‌ವರ್ಕ್ ಸ್ವಿಚ್ ಮೇಲೆ ಅನುಮಾನ ಪಟ್ಟೆ. ಕೇಬಲ್ ಬದಲಿಸಿದೆ. ಬಾಕ್ಸ್ ತಂದು ಟೇಬಲ್ ಮೇಲೆ ಇಟ್ಟರೆ ಎಲ್ಲ ಸರಿಯಾಗಿ ನಡೆಯುತ್ತದೆ. ಕೊನೆಗೆ ಭಾನುವಾರ ಫ್ಯಾಕ್ಟರಿ ಖಾಲಿ ಇದ್ದಾಗ ಹೋಗಿ, ಹೋಗಿ ಬರುವ ಪ್ಯಾಕೆಟ್‌ಗಳನ್ನು ತೋರಿಸುವ ಟಿಸಿಪಿಡಂಪ್ ಹಾಕಿ ಪ್ರೋಗ್ರಾಮ್ ಓಡಿಸಿದೆ. ಪ್ಯಾಕೆಟ್ ಹೋದ ವಿಳಾಸಗಳು ಒಂದರ ಕೆಳಗೊಂದು ಬಂದವು. 192.168.1.1, 1.2, 1.3 ಹೀಗೆ 1.7ರವರೆಗೆ. ಆಮೇಲೆ 255.255.255.255. ಮತ್ತೊಮ್ಮೆ 255.255.255.255. ಅದಾದ ಮೇಲೆ 192.168.1.8, 1.9, 1.10.

255.255.255.255 ಅಂದರೆ ಬ್ರಾಡ್‌ಕಾಸ್ಟ್. ಆ ನೆಟ್‌ವರ್ಕ್‌ನಲ್ಲಿ ಇರುವ ಎಲ್ಲರಿಗೂ ಒಟ್ಟಿಗೇ ಹೋಗುವ ವಿಳಾಸ. ಎಂಟನೇ ಬಾಕ್ಸ್‌ಗೆ ಹೇಳಬೇಕಾದ "ಸೊನ್ನೆಗೆ ಬಾ" ಎಂಬ ಮಾತನ್ನು ನಾನು ಅರವತ್ತಕ್ಕೂ ಹೇಳಿದ್ದೆ.

ಯಾಕೆ ಹೀಗಾಯಿತು ಎಂಬುದನ್ನು ನಿಧಾನವಾಗಿ ಹೇಳುತ್ತೇನೆ. ದಯವಿಟ್ಟು ಬಿಟ್ಟು ಓದಬೇಡಿ.

ಪಟ್ಟಿಯನ್ನು ಎಕ್ಸೆಲ್‌ನಲ್ಲಿ ಮಾಡಿದ್ದವರು ಫ್ಯಾಕ್ಟರಿಯ ಮೇಂಟೆನೆನ್ಸ್ ನೋಡಿಕೊಳ್ಳುತ್ತಿದ್ದವರು. ಪಠ್ಯವನ್ನು ಸಾರ್ಟ್ ಮಾಡಿದರೆ 10 ಎಂಬುದು 2ಕ್ಕಿಂತ ಮೊದಲು ಬರುತ್ತದೆ, ಅಲ್ವಾ? ಅದಕ್ಕೆ ಅವರು ಪ್ರತಿ ಭಾಗವನ್ನೂ ಮೂರು ಅಂಕಿ ಮಾಡಿದ್ದರು: 192.168.001.001, 192.168.001.002, ಹೀಗೆ. ಓದುವವರಿಗೆ ಅನುಕೂಲ. ಅವರದು ಏನೂ ತಪ್ಪಿಲ್ಲ.

ನಾನು ಬಳಸಿದ್ದು ನೀವು ಕೇಳುತ್ತಿರುವ ಅದೇ ಐನೆಟ್ ಆಡ್ರ್. ಅದರ ಕಣ್ಣಿಗೆ ಮುಂದೆ ಸೊನ್ನೆ ಇರುವ ಸಂಖ್ಯೆ ಹತ್ತರ ಲೆಕ್ಕದ್ದಲ್ಲ, ಎಂಟರ ಲೆಕ್ಕದ್ದು. ಅಂದರೆ ಆಕ್ಟಲ್. ಸಿ ಭಾಷೆಯಲ್ಲಿ 012 ಎಂದು ಬರೆದರೆ ಅದು ಹತ್ತು ತಾನೇ? ಅದೇ ನಿಯಮ ಇಲ್ಲೂ. ಸೊನ್ನೆ ಎಕ್ಸ್‌ನಿಂದ ಶುರುವಾದರೆ ಹೆಕ್ಸ್, ಅಂದರೆ ಹದಿನಾರರ ಲೆಕ್ಕದ್ದು. ಭಾಗಗಳು ನಾಲ್ಕೇ ಇರಬೇಕೆಂದೂ ಇಲ್ಲ. 127.1 ಎಂದು ಕೊಟ್ಟರೆ 127.0.0.1 ಎಂದು ತೆಗೆದುಕೊಳ್ಳುತ್ತದೆ. ಬಿಎಸ್‌ಡಿ ಯೂನಿಕ್ಸ್ ಕಾಲದಿಂದ ಬಂದ ನಡತೆ ಇದು. ಹಳೆಯ ಪ್ರೋಗ್ರಾಮ್‌ಗಳು ಮುರಿಯಬಾರದೆಂದು ಇವತ್ತಿಗೂ ಹಾಗೇ ಇಟ್ಟಿದ್ದಾರೆ.

ಈಗ ಪಟ್ಟಿ ನೋಡಿ. 001ರಿಂದ 007ರವರೆಗೆ ಆಕ್ಟಲ್ ಆದರೂ ಒಂದೇ, ಹತ್ತರ ಲೆಕ್ಕ ಆದರೂ ಒಂದೇ. ನಾನು ಟೇಬಲ್ ಮೇಲೆ ಇಟ್ಟದ್ದು ಒಂದರಿಂದ ಐದು. ಟೆಸ್ಟ್‌ನಲ್ಲಿ ತಪ್ಪು ಕಾಣಲು ಸಾಧ್ಯವೇ ಇರಲಿಲ್ಲ. 008 ಬಂದಾಗ ಮಾತ್ರ ತೊಡಕು, ಯಾಕೆಂದರೆ ಆಕ್ಟಲ್‌ನಲ್ಲಿ ಎಂಟು ಎಂಬ ಅಂಕಿಯೇ ಇಲ್ಲ. ಐನೆಟ್ ಆಡ್ರ್ ಅದನ್ನು ತಪ್ಪು ವಿಳಾಸ ಎಂದು ಹಿಂದಿರುಗಿಸಿತು. 009 ಕೂಡ ಹಾಗೇ. 010 ಮಾತ್ರ ಸರಾಗವಾಗಿ ದಾಟಿತು, ಆದರೆ ಎಂಟಾಗಿ. 020 ಎಂಬುದು 16, 060 ಎಂಬುದು 48. 60 ಬಾಕ್ಸ್‌ಗಳಲ್ಲಿ 8 ಅಥವಾ 9ರಿಂದ ಕೊನೆಯಾಗುವವು 12. ಆ ಹನ್ನೆರಡು ಸಲವೂ ಬ್ರಾಡ್‌ಕಾಸ್ಟ್ ಹೋಗಿದೆ. 49ರಿಂದ 60ರವರೆಗಿನ ಬಾಕ್ಸ್‌ಗಳಿಗೆ ಅವುಗಳ ಹೆಸರಿನಲ್ಲಿ ಒಂದೇ ಒಂದು ಪ್ಯಾಕೆಟ್ ಹೋಗಿಲ್ಲ.

"ತಪ್ಪು ವಿಳಾಸ" ಎಂಬುದು ಬ್ರಾಡ್‌ಕಾಸ್ಟ್ ಆದದ್ದು ಹೇಗೆ? ಈ ಫಂಕ್ಷನ್ ಉತ್ತರವನ್ನೂ ತಪ್ಪನ್ನೂ ಒಂದೇ ಬಾಯಲ್ಲಿ ಹೇಳುತ್ತದೆ. ತಪ್ಪಾದರೆ ಅದು ಕೊಡುವುದು ಮೈನಸ್ ಒಂದು. ಆದರೆ ಕೊಡುವ ಜಾಗ 32 ಬಿಟ್‌ನ ಅನ್‌ಸೈನ್ಡ್ ಸಂಖ್ಯೆ, ಅಂದರೆ ಮೈನಸ್ ಚಿಹ್ನೆ ಇಲ್ಲದ್ದು. ಅದರಲ್ಲಿ ಮೈನಸ್ ಒಂದು ಅಂದರೆ 32 ಬಿಟ್‌ಗಳೂ ಒಂದು. ಅದೇ 255.255.255.255! ತಪ್ಪಿನ ಗುರುತಿಗೆ ಇಟ್ಟಿರುವ ಸಂಖ್ಯೆಯೇ ಒಂದು ನಿಜವಾದ ವಿಳಾಸ, ಅದೂ ಎಲ್ಲರನ್ನೂ ಮುಟ್ಟುವ ವಿಳಾಸ. ನಾನು ಚೆಕ್ ಹಾಕಿರಲಿಲ್ಲ ಎಂದುಕೊಳ್ಳಬೇಡಿ. ಹಾಕಿದ್ದೆ. "ಉತ್ತರ ಸೊನ್ನೆಗಿಂತ ಕಡಿಮೆ ಆದರೆ ನಿಲ್ಲಿಸು" ಎಂದು ಬರೆದಿದ್ದೆ. ಅನ್‌ಸೈನ್ಡ್ ಸಂಖ್ಯೆ ಸೊನ್ನೆಗಿಂತ ಕಡಿಮೆ ಆಗುವುದೇ ಇಲ್ಲ. ಆ ಸಾಲು ಇದ್ದೂ ಇಲ್ಲದ ಹಾಗೆ. ಎಕ್ಸ್‌ಟ್ರಾ ವಾರ್ನಿಂಗ್‌ಗಳನ್ನು ಹಚ್ಚಿ ಕಂಪೈಲ್ ಮಾಡಿದ್ದರೆ ಜಿಸಿಸಿ ಕಂಪೈಲರ್ ನನಗೆ ಇದನ್ನು ಹೇಳುತ್ತಿತ್ತು.

ಸಾಮಾನ್ಯವಾಗಿ ಇಷ್ಟಾದರೂ ಲಿನಕ್ಸ್ ತಡೆಯುತ್ತದೆ. ಸಾಕೆಟ್ (ನೆಟ್‌ವರ್ಕ್‌ಗೆ ಕಳಿಸಲು ಪ್ರೋಗ್ರಾಮ್ ತೆರೆಯುವ ಬಾಗಿಲು) ಮೇಲೆ ಬ್ರಾಡ್‌ಕಾಸ್ಟ್ ಅನುಮತಿ ಹಾಕದಿದ್ದರೆ ಆ ವಿಳಾಸಕ್ಕೆ ಕಳಿಸಲು ಬಿಡುವುದಿಲ್ಲ, ಎರರ್ ಕೊಡುತ್ತದೆ. ನಾನು ಅನುಮತಿ ಹಾಕಿದ್ದೆ. ಹೊಸ ಬಾಕ್ಸ್ ಕೂರಿಸುವಾಗ "ಯಾರ್ಯಾರು ಇದ್ದೀರಿ" ಎಂದು ಹುಡುಕಲು ಅದು ಬೇಕಿತ್ತು. ಅದೇ ಕೋಡನ್ನು ಸಂಜೆಯ ಪ್ರೋಗ್ರಾಮ್‌ಗೂ ಕಾಪಿ ಮಾಡಿದ್ದೆ. ಜೊತೆಗೆ ಒಂದೊಂದು ಬಾಕ್ಸ್‌ಗೂ ಹೊಸ ಸಾಕೆಟ್ ತೆರೆದು, ಒಂದು ಉತ್ತರ ಬಂದ ಕೂಡಲೇ ಮುಚ್ಚುತ್ತಿದ್ದೆ. ಎಂಟನೇ ಸರದಿಯಲ್ಲಿ ಅರವತ್ತೂ ಬಾಕ್ಸ್‌ಗಳು ಎಣಿಕೆ ಕಳಿಸಿದವು. ಮೊದಲು ಬಂದದ್ದನ್ನು ಬರೆದುಕೊಂಡೆ. ಉಳಿದ 59 ಉತ್ತರ ಓದದೇ ಬಿದ್ದುಹೋದವು. ಒಂದು ಕ್ಷಣ ಆ ಲೆಕ್ಕ ನನ್ನ ಕಂಪ್ಯೂಟರ್‌ವರೆಗೂ ಬಂದಿತ್ತು. ಇದು ನೆನಪಾದರೆ ಈಗಲೂ ಸಂಕಟವಾಗುತ್ತದೆ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಯಾವುದು ಫಾಸ್ಟ್ ಎಂಬುದು ಇಲ್ಲಿ ಕೇಳಬೇಕಾದ ಪ್ರಶ್ನೆಯೇ ಅಲ್ಲ ಎನ್ನುವುದು ನನ್ನ ಅಭಿಪ್ರಾಯ. ಒಂದು ವಿಳಾಸ ಬದಲಿಸಲು ಇವತ್ತಿನ ಕಂಪ್ಯೂಟರ್‌ಗೆ ಒಂದು ಮೈಕ್ರೋಸೆಕೆಂಡ್ ಕೂಡ ಬೇಡ. ಪ್ಯಾಕೆಟ್ ಹೋಗಿ ಬರಲು ಅದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಬೇಕು. ನೀವು ಕೇಳಿಕೊಳ್ಳಬೇಕಾದ್ದು ಎರಡು. ಈ ಪಠ್ಯ ಬರೆದವರು ಯಾರು? ಅದು ತಪ್ಪಿದ್ದರೆ ನನಗೆ ಗೊತ್ತಾಗುತ್ತದಾ?

ಐನೆಟ್ ಆಡ್ರ್ ಬೇಡವೇ ಬೇಡ. ಅದರ ಜೊತೆಯ ಐನೆಟ್ ಎಟಾನ್ ಸ್ವಲ್ಪ ವಾಸಿ. ಸರಿಯೋ ತಪ್ಪೋ ಎಂಬುದನ್ನು ಬೇರೆಯಾಗಿ ಹೇಳುತ್ತದೆ. ಆದರೆ ಆಕ್ಟಲ್ ಚಾಳಿ ಅದಕ್ಕೂ ಇದೆ. ನೀವು ಬಳಸಬೇಕಾದ್ದು ಐನೆಟ್ ಪಿಟಾನ್. ಪಿ ಅಂದರೆ ಪ್ರೆಸೆಂಟೇಷನ್, ಎನ್ ಅಂದರೆ ನೆಟ್‌ವರ್ಕ್. ನಾಲ್ಕು ಭಾಗ, ಹತ್ತರ ಲೆಕ್ಕ, 0ರಿಂದ 255. ಲಿನಕ್ಸ್‌ನ ಸಿ ಲೈಬ್ರರಿಯಾದ ಜಿಲಿಬ್‌ಸಿಯಲ್ಲಿ 008 ಕೊಟ್ಟರೂ ಬೇಡ ಅನ್ನುತ್ತದೆ, 001 ಕೊಟ್ಟರೂ ಬೇಡ ಅನ್ನುತ್ತದೆ. ಸರಿಯಾದರೆ 1, ಪಠ್ಯ ತಪ್ಪಾದರೆ 0, ವಿಳಾಸದ ಜಾತಿಯೇ ಗೊತ್ತಿಲ್ಲದಿದ್ದರೆ ಮೈನಸ್ 1. ಇಲ್ಲಿ ಜನ ಎಡವುತ್ತಾರೆ: "ಸೊನ್ನೆ ಅಲ್ಲದಿದ್ದರೆ ಸರಿ" ಎಂದು ಬರೆದರೆ ಮೈನಸ್ 1 ಕೂಡ ಸರಿ ಆಗಿಬಿಡುತ್ತದೆ. "1ಕ್ಕೆ ಸಮ ಆದರೆ ಮಾತ್ರ ಸರಿ" ಎಂದೇ ಬರೆಯಿರಿ.

ನೀವು ಫೈಲ್‌ನಿಂದ ಓದುತ್ತಿರುವುದರಿಂದ ಇನ್ನೊಂದು ಮಾತು. ಎಫ್‌ಗೆಟ್ಸ್‌ನಿಂದ ಓದಿದ ಸಾಲಿನ ಕೊನೆಯಲ್ಲಿ ನ್ಯೂಲೈನ್, ಅಂದರೆ ಸಾಲು ಮುಗಿಯಿತು ಎನ್ನುವ ಗುರುತು, ಉಳಿದಿರುತ್ತದೆ. ಐನೆಟ್ ಆಡ್ರ್ ಅದನ್ನು ಸುಮ್ನೆ ನುಂಗಿಕೊಳ್ಳುತ್ತದೆ. ಪಿಟಾನ್ ನುಂಗುವುದಿಲ್ಲ, 0 ಕೊಡುತ್ತದೆ. ಆಗ ಎಷ್ಟೋ ಜನ "ಪಿಟಾನ್ ಕೆಲಸ ಮಾಡುತ್ತಿಲ್ಲ" ಎಂದು ಹಳೆಯದಕ್ಕೇ ವಾಪಸ್ ಹೋಗುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ನ್ಯೂಲೈನ್ ಕತ್ತರಿಸಿ ಕೊಡಿ. ವಿಂಡೋಸ್‌ನಲ್ಲಿ ಮಾಡಿದ ಫೈಲ್ ಆದರೆ ಅದರ ಹಿಂದಿನ ಕ್ಯಾರೇಜ್ ರಿಟರ್ನ್ ಕೂಡ ಕತ್ತರಿಸಿ.

ನೀವೇ ಬರೆಯುವ ಯೋಚನೆಯನ್ನೂ ಬಿಡಿ ಎನ್ನುತ್ತೇನೆ. ಎಸ್‌ಸ್ಕ್ಯಾನ್‌ಎಫ್‌ನಲ್ಲಿ ನಾಲ್ಕು ಸಂಖ್ಯೆ ಓದಿ ಬಿಟ್ ಸರಿಸಿ ಕೂಡಿಸುವ ಕೋಡ್ ಎಲ್ಲರೂ ಬರೆದಿರುತ್ತಾರೆ. ಅದು 999 ಅನ್ನೂ ಒಪ್ಪುತ್ತದೆ, ಮೈನಸ್ ಸಂಖ್ಯೆಯನ್ನೂ ಒಪ್ಪುತ್ತದೆ, ಕೊನೆಯಲ್ಲಿ ಏನು ಕಸ ಇದ್ದರೂ ನೋಡುವುದಿಲ್ಲ.

ಮುಂದಿನ ಸೊನ್ನೆಯನ್ನು ತೆಗೆದು ಓದಿಕೊಂಡರಾಯಿತಲ್ಲ ಎಂದು ನಿಮಗೆ ಅನ್ನಿಸಬಹುದು. ಅದೂ ಬೇಡ. ನಿಮ್ಮ ಕೋಡ್ 010.0.0.1 ಅನ್ನು 10.0.0.1 ಎಂದು ಓದುತ್ತದೆ, ಪಕ್ಕದ ಪ್ರೋಗ್ರಾಮ್ 8.0.0.1 ಎಂದು ಓದುತ್ತದೆ. ಒಂದು ಒಳಗಿನ ನೆಟ್‌ವರ್ಕ್, ಇನ್ನೊಂದು ಹೊರಗಿನ ಇಂಟರ್ನೆಟ್. ಒಬ್ಬರು ಚೆಕ್ ಮಾಡಿ ಇನ್ನೊಬ್ಬರು ಕನೆಕ್ಟ್ ಮಾಡಿದರೆ ಆ ಚೆಕ್‌ಗೆ ಅರ್ಥವೇ ಇಲ್ಲ. 2021ರಲ್ಲಿ ಪೈಥಾನ್‌ನ ಐಪಿ ಅಡ್ರೆಸ್ ಮಾಡ್ಯೂಲ್‌ನಲ್ಲಿ ಇದನ್ನೇ ಭದ್ರತೆಯ ದೋಷ ಎಂದು ದಾಖಲಿಸಿದರು. 3.9.5ರಿಂದ ಅದು ಮುಂದೆ ಸೊನ್ನೆ ಇರುವ ವಿಳಾಸವನ್ನು ಒಪ್ಪುವುದೇ ಇಲ್ಲ. ಅದೇ ವರ್ಷ ಜಾವಾಸ್ಕ್ರಿಪ್ಟ್‌ನ ನೆಟ್‌ಮಾಸ್ಕ್ ಪ್ಯಾಕೇಜಿನಲ್ಲೂ ಇಂಥದೇ ದೋಷ ಸಿಕ್ಕಿತು. ಅನುಮಾನ ಬಂದ ಸಾಲನ್ನು ಊಹಿಸಿ ಓದಬೇಡಿ. ಸಾಲಿನ ನಂಬರ್ ಹೇಳಿ ಪ್ರೋಗ್ರಾಮ್ ನಿಲ್ಲಿಸಿ. ನಾನು ಆ ಫ್ಯಾಕ್ಟರಿಯಲ್ಲಿ ಮಾಡಿದ್ದೂ ಅದೇ. ಪಟ್ಟಿ ಮಾಡಿದವರ ಪಕ್ಕ ಕೂತು, ಸಾರ್ಟ್ ಮಾಡಲು ಬಾಕ್ಸ್ ನಂಬರ್‌ಗೆ ಬೇರೆ ಕಾಲಂ ಹಾಕಿಕೊಟ್ಟು, ವಿಳಾಸದ ಕಾಲಂನಿಂದ ಸೊನ್ನೆಗಳನ್ನು ತೆಗೆದೆವು. ಹತ್ತು ನಿಮಿಷದ ಕೆಲಸ.

ಸಂಖ್ಯೆ ಬಂದ ಮೇಲೆ ಅದನ್ನು ಪ್ರಿಂಟ್ ಮಾಡಿ ಗಾಬರಿಯಾಗಬೇಡಿ. 192.168.1.10 ಎಂಬುದು ಕೈಯಲ್ಲಿ ಲೆಕ್ಕ ಹಾಕಿದರೆ 3232235786. ನಿಮ್ಮ ಇಂಟೆಲ್ ಕಂಪ್ಯೂಟರ್ ನೇರವಾಗಿ ಪ್ರಿಂಟ್ ಮಾಡಿದರೆ 167880896 ಎಂದು ತೋರಿಸುತ್ತದೆ. ಎರಡೂ ಅವೇ ನಾಲ್ಕು ಬೈಟ್, ಓದುವ ದಿಕ್ಕು ಬೇರೆ. ನೆಟ್‌ವರ್ಕ್‌ನಲ್ಲಿ ದೊಡ್ಡ ಬೈಟ್ ಮೊದಲು, ಇಂಟೆಲ್‌ನಲ್ಲಿ ಚಿಕ್ಕದು ಮೊದಲು. ಪ್ಯಾಕೆಟ್ ಕಳಿಸಲು ಪಿಟಾನ್ ಕೊಟ್ಟದ್ದನ್ನು ಹಾಗೇ ಬಳಸಿ. ಹೋಲಿಸಲು, ಸಾರ್ಟ್ ಮಾಡಲು ಮಾತ್ರ ಎನ್‌ಟಿಒಎಚ್‌ಎಲ್ ಫಂಕ್ಷನ್ ಹಾಕಿ ಬೈಟ್‌ಗಳನ್ನು ತಿರುಗಿಸಿಕೊಳ್ಳಿ.

ಡೇಟಾಬೇಸ್‌ನಲ್ಲಿ ಇಡುವ ಯೋಚನೆ ಇದ್ದರೆ ಸಾಧಾರಣ ಇಂಟ್ ಕಾಲಂ ಬೇಡ. ಅದರ ಮಿತಿ 2147483647, ಅಂದರೆ 127.255.255.255ಕ್ಕೇ ಮುಗಿಯಿತು. ಇನ್ನು "ಸಂಖ್ಯೆ" ಎಂಬ ಯೋಚನೆಯೇ ಐಪಿಯ ಹೊಸ ಆವೃತ್ತಿಯಾದ ಐಪಿವಿ6ಗೆ ಬಂದರೆ ನಿಲ್ಲುವುದಿಲ್ಲ. ಅಲ್ಲಿ ವಿಳಾಸ 16 ಬೈಟ್. ಅದೇ ಪಿಟಾನ್‌ಗೆ ಐನೆಟ್6 ಎಂದು ಹೇಳಿ 16 ಬೈಟ್ ಜಾಗ ಕೊಟ್ಟರೆ ಕೆಲಸ ನಡೆಯುತ್ತದೆ. ನಾಲ್ಕು ಬೈಟ್‌ನ ಜಾಗ ಕೊಟ್ಟರೆ ಪಕ್ಕದ ಮೆಮೊರಿ ಹಾಳಾಗುತ್ತದೆ.

ಟೆಸ್ಟ್ ಮಾಡುವಾಗ ಒಳ್ಳೆಯ ವಿಳಾಸಗಳನ್ನಷ್ಟೇ ಕೊಡಬೇಡಿ. 192.168.001.008, 010.0.0.1, 127.1, 256.1.1.1, ಖಾಲಿ ಸಾಲು, ಕೊನೆಗೆ ಸ್ಪೇಸ್ ಇರುವ ಸಾಲು, ಜೊತೆಗೆ 255.255.255.255. ಕೊನೆಯದು ಪಿಟಾನ್‌ಗೆ ಸರಿಯಾದ ವಿಳಾಸವೇ. ಅದಕ್ಕೆ ಕಳಿಸಬೇಕೋ ಬೇಡವೋ ಎಂಬುದನ್ನು ನಿಮ್ಮ ಪ್ರೋಗ್ರಾಮ್ ತೀರ್ಮಾನಿಸಬೇಕು. ಬ್ರಾಡ್‌ಕಾಸ್ಟ್ ಬೇಕಿಲ್ಲದಿದ್ದರೆ ಸಾಕೆಟ್‌ಗೆ ಆ ಅನುಮತಿ ಹಾಕಲೇಬೇಡಿ.

ನಿಮ್ಮ ಪಟ್ಟಿ ಎಕ್ಸೆಲ್‌ನಿಂದ ಬಂದದ್ದಾ? ಹಾಗಿದ್ದರೆ ಕೋಡ್ ಮುಟ್ಟುವ ಮೊದಲು ಅದನ್ನು ತೆರೆದು, 08 ಅಥವಾ 09 ಇರುವ ಸಾಲುಗಳನ್ನು ಹುಡುಕಿ ನೋಡಿ. ಸಿಕ್ಕರೆ ಇಲ್ಲೇ ಕೆಳಗೆ ಬರೆಯಿರಿ.