ಕುಣಿಯುವ ಮೊದಲೇ ನೆಲ ಡೊಂಕು: ಪರೀಕ್ಷೆಗೆ ಕೂರದವರ ಪ್ರಕರಣ

ಈ ಮಹಿಳೆಗೆ 31 ವರ್ಷ, ಕೆಲಸ ಲೆಕ್ಕಪತ್ರ ವಿಭಾಗದಲ್ಲಿ. ಬಡ್ತಿಗೆ ಬೇಕಾದ ವೃತ್ತಿ ಪರೀಕ್ಷೆಗೆ ಎರಡು ಸಲ ಶುಲ್ಕ ಕಟ್ಟಿದ್ದರು. ಎರಡು ಸಲವೂ ಪರೀಕ್ಷೆಗೆ ಹೋಗಲಿಲ್ಲ. ಒಮ್ಮೆ ಜ್ವರ, ಇನ್ನೊಮ್ಮೆ ‘ಓದೋಕೆ ಟೈಮೇ ಸಿಗಲಿಲ್ಲ’. ಮೂರನೆಯ ಸಲದ ಪರೀಕ್ಷೆಗೆ 14 ವಾರ ಇರುವಾಗ ಆಪ್ತಸಲಹೆಗೆ ಬಂದರು. ಗುರುತು ಸಿಗುವಂಥ ವಿವರಗಳನ್ನು ಇಲ್ಲಿ ಬದಲಿಸಲಾಗಿದೆ.

ಮೊದಲ ಭೇಟಿಯಲ್ಲಿ ನಿದ್ದೆ, ಹಸಿವು, ಬೇಸರ, ಸಾಯುವ ಯೋಚನೆ ಎಲ್ಲವನ್ನೂ ನೇರವಾಗಿಯೇ ಕೇಳಲಾಯಿತು. ಖಿನ್ನತೆಯ ಲಕ್ಷಣ ಕಾಣಲಿಲ್ಲ. ಆತಂಕ ಅಳೆಯುವ ಜಿಎಡಿ-7 ಪ್ರಶ್ನಾವಳಿಯಲ್ಲಿ 21ಕ್ಕೆ 11 ಬಂತು, ಅಂದರೆ ಮಧ್ಯಮ ಮಟ್ಟ. ವಾರಕ್ಕೊಮ್ಮೆ 50 ನಿಮಿಷದಂತೆ ಎಂಟು ಭೇಟಿಗೆ ಒಪ್ಪಿದರು.

‘ಫೇಲಾದರೆ ಏನಾಗುತ್ತದೆ?’ ಎಂದು ಕೇಳಿದಾಗ, ‘ಆಫೀಸಿನವರಿಗೆ ಗೊತ್ತಾಗುತ್ತೆ’ ಎಂದರು. ಗೊತ್ತಾದರೆ? ‘ಇಷ್ಟು ದಿನ ಸುಮ್ಮನೆ ಜಾಣೆ ಅಂದುಕೊಂಡಿದ್ವಿ ಅಂತಾರೆ.’ ಹಾಗೆ ಅಂದರೆ? ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅದೇ ನಿಜ ಅಂತ ನನಗೂ ಅನ್ನಿಸಿಬಿಡುತ್ತೆ ಮೇಡಂ’ ಎಂದರು. ಭಯ ಇದ್ದದ್ದು ಅಂಕಪಟ್ಟಿಯ ಬಗ್ಗೆ ಕಡಿಮೆ, ಅದು ತನ್ನ ಮೇಲೆ ಕೊಡುವ ತೀರ್ಪಿನ ಬಗ್ಗೆ ಹೆಚ್ಚು. ಪೂರ್ತಿ ಓದಿ ಬರೆದು ಸೋತರೆ ಆ ತೀರ್ಪಿಗೆ ಮೇಲ್ಮನವಿ ಇಲ್ಲ. ಓದದೆ ಬಿಟ್ಟರೆ ‘ಓದಿದ್ದರೆ ಪಾಸಾಗುತ್ತಿದ್ದೆ’ ಎಂಬ ಮಾತು ಕೈಯಲ್ಲಿರುತ್ತದೆ.

ಕುಣಿಯಲಾರದವಳು ನೆಲ ಡೊಂಕು ಅಂದಳು ಎನ್ನುತ್ತೇವೆ. ಇಲ್ಲಿ ಕುಣಿಯುವ ಮೊದಲೇ ನೆಲವನ್ನು ಡೊಂಕು ಮಾಡಿಟ್ಟುಕೊಳ್ಳಲಾಗುತ್ತದೆ. ಮನಶ್ಶಾಸ್ತ್ರಜ್ಞರಾದ ಸ್ಟೀವನ್ ಬರ್ಗ್ಲಾಸ್ ಮತ್ತು ಎಡ್ವರ್ಡ್ ಜೋನ್ಸ್ 1978ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕೆಲವರಿಗೆ ಉತ್ತರವೇ ಇಲ್ಲದ ಪ್ರಶ್ನೆ ಕೊಟ್ಟು, ‘ಚೆನ್ನಾಗಿ ಮಾಡಿದಿರಿ’ ಎನ್ನಲಾಗಿತ್ತು. ಮುಂದಿನ ಪರೀಕ್ಷೆಗೆ ಮೊದಲು ಅವರಲ್ಲಿ, ಮುಖ್ಯವಾಗಿ ಗಂಡಸರಲ್ಲಿ, ಸಾಮರ್ಥ್ಯ ಕುಗ್ಗಿಸುವುದೆಂದು ಹೇಳಲಾದ ಔಷಧಿಯನ್ನೇ ಆರಿಸುವ ಒಲವು ಕಂಡಿತು. ಹೇಗೆ ಗೆದ್ದೆವೆಂದು ತಿಳಿಯದವರಿಗೆ ಆ ಗೆಲುವು ಕಾಯಬೇಕಾದ ಗಂಟಾಗುತ್ತದೆ. ‘ಜಾಣೆ’ ಎಂಬ ಹೆಸರು ಇವರಿಗೆ ಆಗಿದ್ದೂ ಹಾಗೆಯೇ.

ಜೊತೆಗೆ ಪುಸ್ತಕ ತೆರೆದರೆ ಎದೆ ಬಿಗಿಯುವುದು, ಮುಚ್ಚಿ ಬೀರು ಜೋಡಿಸಲು ಹೋದರೆ ಹಗುರಾಗುವುದು. ಆ ಹಗುರವೇ ಬಹುಮಾನವಾಗಿ ತಪ್ಪಿಸಿಕೊಳ್ಳುವ ಅಭ್ಯಾಸವನ್ನು ಗಟ್ಟಿ ಮಾಡುತ್ತಿತ್ತು. ಹೀಗಿರುವಾಗ ‘ಸೋಲೇ ಗೆಲುವಿನ ಮೆಟ್ಟಿಲು’ ಎಂದು ಹೇಳಿ ಪ್ರಯೋಜನವಿಲ್ಲ. ಅದನ್ನು ಅವರು ನೂರು ಸಲ ಕೇಳಿದ್ದಾರೆ. ‘ನೀನು ಪಾಸಾಗೇ ಆಗ್ತೀಯ’ ಎನ್ನುವ ಗಂಡನ ಮಾತು ಇನ್ನೂ ಭಾರ, ಏಕೆಂದರೆ ಸೋತರೆ ಆ ನಂಬಿಕೆಯನ್ನೂ ಸುಳ್ಳು ಮಾಡಿದಂತೆ. ಅದರ ಬದಲು ‘ಇವತ್ತು ಎಷ್ಟು ಹೊತ್ತು ಕೂತೆ?’ ಎಂದಷ್ಟೇ ಕೇಳಿ ಎಂದು ಗಂಡನಿಗೆ ತಿಳಿಸಲಾಯಿತು.

ಮದ್ದು ಎಂದರೆ ಸಣ್ಣ ಸೋಲುಗಳನ್ನು ಬೇಕೆಂದೇ ಅನುಭವಿಸುವುದು. ಒಂದು ನೋಟ್‌ಬುಕ್ಕಿನಲ್ಲಿ ನಾಲ್ಕು ಕಾಲಂ: ಏನು ಮಾಡುತ್ತೇನೆ, ಏನಾಗಬಹುದು ಮತ್ತು ಅದನ್ನು ಶೇಕಡಾ ಎಷ್ಟು ನಂಬುತ್ತೇನೆ, ನಿಜವಾಗಿ ಏನಾಯಿತು, ಸಂಕಟ ಹತ್ತಕ್ಕೆ ಎಷ್ಟು ಮತ್ತು ಎಷ್ಟು ಹೊತ್ತು. ಎರಡನೆಯ ಕಾಲಂ ಅನ್ನು ಕೆಲಸಕ್ಕೆ ಮೊದಲೇ ತುಂಬಬೇಕು. ಆಮೇಲೆ ಬರೆದರೆ ‘ನನಗೆ ಅಷ್ಟೇನೂ ಭಯ ಇರಲಿಲ್ಲ’ ಎಂದು ಮನಸ್ಸು ಲೆಕ್ಕ ತಿದ್ದಿಬಿಡುತ್ತದೆ.

ಮೊದಲ ವಾರ 20 ನಿಮಿಷದಲ್ಲಿ ಹತ್ತು ಪ್ರಶ್ನೆ ಬಿಡಿಸಿ ತಾವೇ ತಿದ್ದಬೇಕಿತ್ತು. ಅವರು ಚೆನ್ನಾಗಿ ಗೊತ್ತಿದ್ದ ಅಧ್ಯಾಯವನ್ನೇ ಆರಿಸಿ ಒಂಬತ್ತು ಸರಿ ಮಾಡಿಕೊಂಡು ಬಂದರು. ಭಯದ ಪರೀಕ್ಷೆಯೇ ಆಗಲಿಲ್ಲ! ಆದ್ದರಿಂದ ನಿಯಮ ಬದಲಾಯಿತು: ಕನಿಷ್ಠ ನಾಲ್ಕಾದರೂ ತಪ್ಪಾಗುವಷ್ಟು ಕಠಿಣ ಅಧ್ಯಾಯ. ಮುಂದಿನ ವಾರ ತಿದ್ದಿದ ಹಾಳೆಯನ್ನು ಗಂಡನಿಗೆ ತೋರಿಸುವಾಗ ‘ಇದನ್ನ ಓದೇ ಇರಲಿಲ್ಲ’ ಎಂದು ಸೇರಿಸಿಬಿಟ್ಟರು. ಈ ಒಂದು ವಾಕ್ಯ ಅಭ್ಯಾಸದ ಫಲವನ್ನೆಲ್ಲ ತಿಂದುಹಾಕುತ್ತದೆ, ಏಕೆಂದರೆ ನೆಪವಿಲ್ಲದೆ ಸೋತರೆ ಏನಾಗುತ್ತದೆ ಎಂಬುದು ತಿಳಿಯದೇ ಉಳಿಯುತ್ತದೆ. ಹಾಳೆ ಕೊಡುವಾಗ ಪೀಠಿಕೆ ಬೇಡ ಎಂಬುದು ಎರಡನೆಯ ನಿಯಮ.

ಆರನೆಯ ವಾರ ಮೂರು ಗಂಟೆಯ ಪೂರ್ತಿ ಮಾದರಿ ಪರೀಕ್ಷೆ ಬರೆದು, ಈಗಾಗಲೇ ಪಾಸಾದ ಸಹೋದ್ಯೋಗಿಗೆ ತೋರಿಸಬೇಕಿತ್ತು. ‘ನನ್ನನ್ನು ಕೀಳಾಗಿ ನೋಡುತ್ತಾರೆ’: ನಂಬಿಕೆ ಶೇ. 85. ಪಾಸಾಗಲು 50 ಬೇಕು, ಬಂದದ್ದು 41. ಸಹೋದ್ಯೋಗಿ ಹಾಳೆ ತಿರುವಿ, ‘ಮೂರನೇ ಭಾಗ ಯಾಕೆ ಖಾಲಿ ಬಿಟ್ರಿ?’ ಎಂದು ಕೇಳಿ ಸಮಯ ಹಂಚಿಕೊಳ್ಳುವ ಬಗೆ ಹೇಳಿಕೊಟ್ಟರು. ನಾಲ್ಕನೆಯ ಕಾಲಂನಲ್ಲಿ: ಸಂಕಟ 8, ನಲವತ್ತು ನಿಮಿಷ; ರಾತ್ರಿಗೆ 3. ಒಂದು ವಾರ ಇರುತ್ತದೆ ಎಂದು ಅಂದಾಜಿಸಿದ್ದರು.

ಆಮೇಲೆ ಕಳೆದ 59 ಅಂಕಗಳನ್ನು ವಿಂಗಡಿಸಿದೆವು. ಗೊತ್ತಿಲ್ಲದೆ ಹೋದದ್ದು 22, ಗೊತ್ತಿದ್ದೂ ತಪ್ಪಿದ್ದು 14, ಸಮಯ ಸಾಲದೆ ಹೋದದ್ದು 23. ‘ಸೋತೆ’ ಎಂಬ ಒಂದೇ ಮಾತಿನಲ್ಲಿ ಮೂರು ಬೇರೆ ಬೇರೆ ಕೆಲಸಗಳು ಅಡಗಿದ್ದವು. ಓದು ಪರಿಹರಿಸುವುದು ಮೊದಲನೆಯದನ್ನು ಮಾತ್ರ. ಮೂರನೆಯದಕ್ಕೆ ಒಂದು ಪ್ರಶ್ನೆಗೆ ಇಂತಿಷ್ಟೇ ನಿಮಿಷ ಎಂದು ಮಿತಿ ಹಾಕಿ, ಮುಗಿಯದಿದ್ದರೂ ಮುಂದಿನದಕ್ಕೆ ಹೋಗುವ ಅಭ್ಯಾಸ ಬೇಕು. ಈ ವಿಂಗಡಣೆಯನ್ನು ಅದೇ ದಿನ ಮಾಡಬೇಡಿ, ಸಂಕಟ 3ಕ್ಕೆ ಇಳಿದ ಮೇಲೆ ಮಾಡಿ ಎಂಬುದು ಸಲಹೆ. ಕುದಿಯುವಾಗ ಮಾಡಿದರೆ ಎಲ್ಲವೂ ‘ನಾನು ದಡ್ಡಿ’ ಎಂಬ ಒಂದೇ ಖಾತೆಗೆ ಬೀಳುತ್ತದೆ.

ಪರೀಕ್ಷೆಯ ದಿನಕ್ಕೆ ಇಟ್ಟ ಗುರಿ ಒಂದೇ: ಕೊನೆಯ ಗಂಟೆ ಬಾರಿಸುವವರೆಗೆ ಕೂರುವುದು. ಎದೆ ಬಿಗಿದರೆ ನಾಲ್ಕು ಎಣಿಸುತ್ತ ಉಸಿರೆಳೆದು, ಆರು ಎಣಿಸುತ್ತ ಬಿಡುವುದು, ಎರಡು ನಿಮಿಷ. ಪೂರ್ತಿ ಕೂತು ಬರೆದರು. ಬಂದದ್ದು 46.

ಫಲಿತಾಂಶದ ನಂತರದ ಭೇಟಿಗೆ ಬಂದಾಗ ನೋಟ್‌ಬುಕ್ ತೆರೆದೇ ಇತ್ತು: ಸಂಕಟ 7, ಎರಡು ದಿನ. ಜಿಎಡಿ-7ರಲ್ಲಿ 6. ಮುಂದಿನ ಪರೀಕ್ಷೆಗೆ ಶುಲ್ಕ ಕಟ್ಟಿ, ಆಫೀಸಿನಲ್ಲೂ ಹೇಳಿದ್ದರು. ಸಭೆಗಳಲ್ಲಿ ವರದಿ ಓದುವುದನ್ನು ಮಾತ್ರ ಈಗಲೂ ಬೇರೆಯವರಿಗೆ ದಾಟಿಸುತ್ತಾರೆ. ಮುಂದಿನ ಎರಡು ಭೇಟಿ ಅದಕ್ಕೇ ಮೀಸಲು. ಮೊದಲ ಕೆಲಸ, ಮೂವರ ಮುಂದೆ ಐದು ನಿಮಿಷದ ವರದಿ, ಪೀಠಿಕೆ ಇಲ್ಲದೆ.