ಟೊಮೆಟೊ ಸಾಸಿಗೆ ಯಾವ ವೈನ್?

ಪ್ರಶ್ನೆ: ಆರು ಜನ ಗೆಳೆಯರು ಊಟಕ್ಕೆ ಬರುತ್ತಿದ್ದಾರೆ. ಪೆಸ್ಟೊ (ಬೇಸಿಲ್ ಎಲೆಯ ಹಸಿರು ಸಾಸ್) ಹಾಕಿದ ಪಾಸ್ತಾ, ಟೊಮೆಟೊ ಸಾಸ್ ಮತ್ತು ಚೀಸಿನ ಪದರ ಪದರದ ಪಾಸ್ತಾ ಲಸಾನ್ಯ, ಕೊನೆಗೆ ಕಾಫಿ ರುಚಿಯ ಸಿಹಿ ತಿರಾಮಿಸು ಮಾಡುತ್ತಿದ್ದೇನೆ. ಯಾವ ವೈನ್ ತರಲಿ?

ಉತ್ತರ: ಟೊಮೆಟೊದಲ್ಲಿ ಹುಳಿ ಜಾಸ್ತಿ, ಅಲ್ವಾ? ವೈನಿನಲ್ಲೂ ಅಷ್ಟು ಹುಳಿ ಇಲ್ಲದಿದ್ದರೆ ಅದು ಬಾಯಿಗೆ ಸಪ್ಪೆ ಎನಿಸುತ್ತದೆ. ಅದಕ್ಕೇ ಲಸಾನ್ಯಕ್ಕೆ ಇಟಲಿಯ ಟಸ್ಕನಿಯ ಕಿಯಾಂಟಿ ತನ್ನಿ, ಸಾಂಜೊವೇಸೆ ದ್ರಾಕ್ಷಿಯಿಂದ ಮಾಡುವ ಈ ಕೆಂಪು ವೈನ್ ಸಾಸಿನ ಹುಳಿಗೂ ಹೊಂದುತ್ತದೆ, ಚೀಸಿನ ಜಿಡ್ಡನ್ನೂ ಕಡಿಯುತ್ತದೆ. ಸೆಕೆಯಿದ್ದರೆ ಬಡಿಸುವ ಮುಂಚೆ ಸ್ವಲ್ಪ ಹೊತ್ತು ಫ್ರಿಜ್ಜಿನಲ್ಲಿಡಿ, 16ರಿಂದ 18 ಡಿಗ್ರಿ ಇದ್ದರೆ ಚೆನ್ನ. ಪೆಸ್ಟೊಗೆ ಬಿಳಿ ವೈನ್ ವೆರ್ಮೆಂಟಿನೊ. ಪೆಸ್ಟೊದ ತವರಾದ ಇಟಲಿಯ ಲಿಗುರಿಯಾದಲ್ಲೇ ಬೆಳೆಯುವ ದ್ರಾಕ್ಷಿ ಅದು. 750 ಮಿ.ಲೀ. ಬಾಟಲಿಗೆ ಐದು ಗ್ಲಾಸ್ ಲೆಕ್ಕ, ಎರಡೂ ವೈನ್ ಎರಡೆರಡು ಬಾಟಲಿ ತನ್ನಿ. ತಿರಾಮಿಸುಗೆ? ಸುಮ್ನೆ ಕಾಫಿ ಕೊಡಿ.