ಎಂಡೊಮೆಟ್ರಿಯೋಸಿಸ್ ಲ್ಯಾಪ್ರೋಸ್ಕೋಪಿ: ಎಷ್ಟು ದಿನ ರಜೆ ಬೇಕು?

ಎಂಡೊಮೆಟ್ರಿಯೋಸಿಸ್‌ಗೆ (ಗರ್ಭಕೋಶದ ಒಳಪದರದಂಥ ಅಂಗಾಂಶ ಅದರ ಹೊರಗೆ ಬೆಳೆಯುವ ತೊಂದರೆ) ಲ್ಯಾಪ್ರೋಸ್ಕೋಪಿ, ಅಂದರೆ ಹೊಟ್ಟೆಯಲ್ಲಿ ಚಿಕ್ಕ ರಂಧ್ರ ಮಾಡಿ ನಡೆಸುವ ಆಪರೇಷನ್, ಆದಮೇಲೆ ಯಾವಾಗ ಆಫೀಸಿಗೆ ಹೋಗಬಹುದು ಅಂತ ಕೇಳಿದ್ದೀರಿ. ಕೂತು ಮಾಡುವ ಕೆಲಸವಾದರೆ ಸಾಮಾನ್ಯವಾಗಿ ಒಂದೆರಡು ವಾರ. ಕರುಳಿನ ಹತ್ತಿರವೂ ಕತ್ತರಿಸಿದ್ದರೆ ಜಾಸ್ತಿ ಬೇಕು. ಹೊರಗಿನ ಗಾಯ ಚಿಕ್ಕದು, ಒಳಗಿನದು ಮಾಗಲು ಸಮಯ ಬೇಕು, ಹಾಗಾಗಿ ಬಿಂದಿಗೆ ಎತ್ತಬೇಡಿ.

ಭುಜ ನೋವು ಬಂದರೆ ಹೆದರಬೇಡಿ. ಆಪರೇಷನ್ ವೇಳೆ ಹೊಟ್ಟೆ ಉಬ್ಬಿಸಲು ತುಂಬಿದ ಕಾರ್ಬನ್ ಡೈಆಕ್ಸೈಡ್ ವಪೆಯನ್ನು (ಎದೆ, ಹೊಟ್ಟೆ ನಡುವಿನ ಸ್ನಾಯುವನ್ನು) ಕೆಣಕುತ್ತದೆ, ಅದರ ನೋವು ಭುಜದಲ್ಲಿ ಕಾಣಿಸುತ್ತದೆ. ಮೆಲ್ಲಗೆ ಓಡಾಡಿ, ಸಾಮಾನ್ಯವಾಗಿ ಕೆಲವೇ ದಿನಗಳಲ್ಲಿ ಹೋಗುತ್ತದೆ. ಮೊದಲ ಮುಟ್ಟಿನಲ್ಲಿ ನೋವು ಜಾಸ್ತಿಯಾದರೂ ಆಪರೇಷನ್ ಫೇಲಾಯಿತು ಅಂದುಕೊಳ್ಳಬೇಡಿ. ಆದರೆ ಜ್ವರ, ಏರುತ್ತಲೇ ಹೋಗುವ ಹೊಟ್ಟೆನೋವು, ನಿಲ್ಲದ ವಾಂತಿ ಇದ್ದರೆ ತಕ್ಷಣ ಆಸ್ಪತ್ರೆಗೆ ಹೋಗಿ.

ಅಂಡಾಶಯದ ಚಾಕಲೇಟ್ ಸಿಸ್ಟ್ (ಹಳೆಯ ರಕ್ತ ತುಂಬಿದ ಗುಳ್ಳೆ) ತೆಗೆಯುತ್ತಾರಾ? ಮುಂದೆ ಮಕ್ಕಳು ಬೇಕು ಅಂತಿದ್ದರೆ ಆಪರೇಷನ್‌ಗೆ ಮುಂಚೆಯೇ ಎಎಂಎಚ್ ಪರೀಕ್ಷೆ (ಅಂಡಾಣುಗಳು ಎಷ್ಟು ಉಳಿದಿವೆ ಅಂತ ಅಂದಾಜು ಕೊಡುವ ರಕ್ತಪರೀಕ್ಷೆ) ಬಗ್ಗೆ ಡಾಕ್ಟರ್ ಹತ್ತಿರ ಮಾತಾಡಿ. ಸಿಸ್ಟ್ ಜೊತೆ ಅಂಡಾಣುಗಳೂ ಸ್ವಲ್ಪ ಕಡಿಮೆಯಾಗಬಹುದು.